ಕಡಲಿನಿಂದ ಬರುವ ಕರೆ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಬೇಸಾಯದ ಬಗ್ಗೆ ಏನಾದರೂ ಬರೆಯಿರಿ ಎಂದು ಮಿತ್ರರು ಹೇಳಿದ್ದರು. ಆದರೆ ನಮ್ಮ ಸದಸ್ಯರ ಮನೆಗಳಲ್ಲಿ ಗದ್ದೆಗೆ ಇಳಿಯುವವರಂತೆ ಕಡಲಿಗೆ ಇಳಿಯುವವರೂ ಇದ್ದಾರೆ. ಗದ್ದೆಯಲ್ಲಿ ಬಿದ್ದವನನ್ನು ಪಕ್ಕದ ಗದ್ದೆಯವನು ಕಾಣುತ್ತಾನೆ. ಕಡಲಲ್ಲಿ ಬಿದ್ದವನನ್ನು ಕಾಣುವವರು ಯಾರು? ಅಪಾಯದ ಕರೆ ದಡ ಮುಟ್ಟುವ ಬಗೆ ಹೇಗೆ ಬೆಳೆದು ಬಂತು ಎಂಬುದನ್ನು ಇಲ್ಲಿ ಬರೆದಿದ್ದೇವೆ.

ರಂಪಣಿ ಬಲೆಯ ಕಾಲದಲ್ಲಿ ದೋಣಿ ದಡದವರ ಕಣ್ಣಳತೆಯಲ್ಲೇ ಇರುತ್ತಿತ್ತು. ಕೂ ಹಾಕಿದರೆ, ಬಟ್ಟೆ ಬೀಸಿದರೆ ಜನ ಓಡಿ ಬರುತ್ತಿದ್ದರು. ರಾತ್ರಿಗೆ 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ ಉಂಟು. ಆದರೆ ದೀಪಸ್ತಂಭ ದಡ ಎಲ್ಲಿ ಎಂದು ದೋಣಿಗೆ ಹೇಳೀತು. ದೋಣಿ ಎಲ್ಲಿ ಎಂದು ದಡಕ್ಕೆ ಹೇಳದು. ಯಂತ್ರದ ಬೋಟುಗಳು, ಪರ್ಸೀನ್ ಬಲೆಗಳು ಬಂದ ಮೇಲೆ ಮಂಗಳೂರು ದಕ್ಕೆಯಿಂದ ಹೊರಟವರು ದಿನಗಟ್ಟಲೆ ಆಳ ಕಡಲಲ್ಲೇ ಇರತೊಡಗಿದರು. ಅಲ್ಲಿಗೆ ಕೂಗು ಮುಟ್ಟದು, ಮೊಬೈಲೂ ಸಿಗದು.

1912ರಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ಸುಮಾರು ಏಳುನೂರು ಜನ ಉಳಿದದ್ದು ಅದರ ತಂತಿರಹಿತ ಕರೆಯನ್ನು ಇನ್ನೊಂದು ಹಡಗು ಕೇಳಿಸಿಕೊಂಡದ್ದರಿಂದ. ಕೇಳುವವರು ಹತ್ತಿರ ಇಲ್ಲದಿದ್ದರೆ? ಇದಕ್ಕೆ ಉತ್ತರ ಆಕಾಶದಿಂದ ಬಂತು. 1979ರಲ್ಲಿ ಅಮೆರಿಕ, ರಷ್ಯಾ, ಕೆನಡಾ, ಫ್ರಾನ್ಸ್ ಒಟ್ಟಾಗಿ ಕೋಸ್ಪಾಸ್-ಸಾರ್ಸಾಟ್ ಎಂಬ ವ್ಯವಸ್ಥೆಗೆ ಕೈಹಾಕಿದವು. ದೇಶ ದೇಶಗಳ ನಡುವೆ ಜಗಳವಿದ್ದ ಕಾಲದಲ್ಲಿ ಇದೂ ಒಂದು ಸಹಕಾರಿ ಸಂಘವೇ! 1982ರ ಜೂನ್‌ನಲ್ಲಿ ಮೊದಲ ಉಪಗ್ರಹ ಹಾರಿತು; ಅದೇ ಸೆಪ್ಟೆಂಬರ್‌ನಲ್ಲಿ ಕೆನಡಾದಲ್ಲಿ ಬಿದ್ದ ವಿಮಾನದ ಮೂವರು ಬದುಕಿ ಬಂದರು.

ಹಡಗುಗಳಲ್ಲಿ ಇಡುವ ಇಂಥ ಯಂತ್ರಕ್ಕೆ ಇಪರ್ಬ್ ಎಂದು ಹೆಸರು. ಹಡಗು ಮುಳುಗಿದರೆ ನೀರಿನ ಒತ್ತಡಕ್ಕೆ ಅದರ ಕೊಂಡಿ ತಾನಾಗಿ ಕಳಚಿ, ಯಂತ್ರ ಮೇಲೆ ತೇಲಿ ಬಂದು ಕರೆ ಕಳಿಸುತ್ತದೆ. ನಮ್ಮ ಮೀನುಗಾರರಿಗಾಗಿ ಇಸ್ರೋ ಮಾಡಿದ್ದು ಡಿ.ಎ.ಟಿ.; 2010ರಿಂದ ಬಳಕೆಯಲ್ಲಿದೆ. ಗುಂಡಿ ಒತ್ತಿದರೆ ಬೋಟು ಇರುವ ಜಾಗದ ಸುದ್ದಿ ಉಪಗ್ರಹದ ಮೂಲಕ ಬೆಂಗಳೂರಿನ ಕೇಂದ್ರಕ್ಕೆ, ಅಲ್ಲಿಂದ ತಟರಕ್ಷಣಾ ಪಡೆಗೆ ಹೋಗುತ್ತದೆ. ಒಂದು ಕೊರತೆ ಇತ್ತು: ಕರೆ ಮುಟ್ಟಿತೋ ಇಲ್ಲವೋ ಎಂದು ಒತ್ತಿದವನಿಗೆ ಗೊತ್ತಾಗುತ್ತಿರಲಿಲ್ಲ. 2024ರ ಜನವರಿಯಲ್ಲಿ ಇಸ್ರೋ ಪ್ರಕಟಿಸಿದ ಎರಡನೇ ಪೀಳಿಗೆಯ ಯಂತ್ರದಲ್ಲಿ ದಡದಿಂದ ಮರುತ್ತರ ಬರುತ್ತದೆ. ಚಂಡಮಾರುತದ ಎಚ್ಚರಿಕೆಯನ್ನೂ ಕಳಿಸಬಹುದು. 'ನಿಮ್ಮ ಕರೆ ಮುಟ್ಟಿದೆ' ಎಂಬ ಒಂದು ಮಾತಿಗೆ ನೀರಲ್ಲಿ ಕೈಬಡಿಯುವವನಿಗೆ ಎಷ್ಟು ಬೆಲೆ ಎಂದು ನಾವೇ ಯೋಚಿಸಬೇಕು.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ ಕಡಲಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಆ ಮನೆಯವರು ಬಾಗಿಲು ನೋಡುತ್ತಾ ಕೂತಿದ್ದರು. 2021ರ ಏಪ್ರಿಲ್‌ನಲ್ಲಿ ನಮ್ಮ ಮಂಗಳೂರಿನಾಚೆಯ ಕಡಲಲ್ಲೇ ಕೇರಳದ ಬೋಟೊಂದು ಹಡಗಿಗೆ ಡಿಕ್ಕಿಯಾಯಿತು. 14 ಮಂದಿಯಲ್ಲಿ ಜೀವಂತ ಸಿಕ್ಕಿದವರು ಇಬ್ಬರೇ. ಅಂಥ ಹೊತ್ತಿನಲ್ಲಿ ಗುಂಡಿ ಒತ್ತಲು ಪುರುಸೊತ್ತು ಎಲ್ಲಿ? ಹಾಗಾಗಿ ತಾನಾಗಿ ತೇಲಿ ಕೂಗುವ ಯಂತ್ರವೂ ಬೇಕು, ಮೈಮೇಲೆ ಲೈಫ್ ಜಾಕೆಟೂ ಬೇಕು. ಯಂತ್ರ ಕರೆದೀತು, ತೇಲಿಸಲಾರದು.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ಯಂತ್ರವನ್ನು ಪೆಟ್ಟಿಗೆಯಲ್ಲಿ ಕಟ್ಟಿಡಬೇಡಿ. ಕಡಲಿಗೆ ಹೊರಡುವ ಮೊದಲು ಬ್ಯಾಟರಿ ನೋಡಿ. ಒತ್ತುವುದು ಹೇಗೆಂದು ತಾಂಡೇಲನಿಗೆ ಮಾತ್ರವಲ್ಲ, ಅಡುಗೆಯ ಹುಡುಗನಿಗೂ ಕಲಿಸಿ. ತಮಾಷೆಗೆ ಒತ್ತಬೇಡಿ, ಸುಳ್ಳು ಕರೆಗೆ ಹಡಗು ಓಡಿದರೆ ನಿಜವಾಗಿ ಮುಳುಗುವವನಿಗೆ ತಡವಾಗುತ್ತದೆ. ತಟರಕ್ಷಣಾ ಪಡೆಯ 1554 ಎಂಬ ನಂಬರು ಮನೆಯ ಗೋಡೆಯ ಮೇಲೂ ಇರಲಿ.

ಬಲೆಗೆ, ಎಂಜಿನ್ನಿಗೆ ಸಾಲದ ಮಾತು ಬಂದಾಗ ಈ ಯಂತ್ರದ ಮಾತೂ ಬರಲಿ ಎಂದು ಮುಂದಿನ ಮಹಾಸಭೆಯಲ್ಲಿ ಕೇಳುವವರಿದ್ದೇವೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಬೇಡ. ಕಡಲಿಗೆ ಹೋದ ಪ್ರತಿಯೊಬ್ಬರೂ ಕ್ಷೇಮವಾಗಿ ದಕ್ಕೆಗೆ ಮರಳಲಿ ಎಂದು ಹಾರೈಸುತ್ತೇವೆ.