ಹಳೆಯ ಬರಹ ಓದುವವರ ಹೊಟ್ಟೆಪಾಡು

ಮಧ್ಯಯುಗದ ಇತಿಹಾಸ ಓದಿದರೆ ಕೆಲಸ ಎಲ್ಲಿ ಸಿಗುತ್ತದೆ? ಮಕ್ಕಳು ಹಾಗೊಂದು ಆಸೆ ಹೇಳಿದರೆ ನಾವು ಮೊದಲು ಕೇಳುವ ಪ್ರಶ್ನೆ ಇದೇ ಅಲ್ಲವೇ? ಇದಕ್ಕೆ ಉತ್ತರ ಕಂಡುಕೊಳ್ಳಲು ಫ್ರಾನ್ಸಿಗೆ ಸುಮಾರು ಮೂವತ್ತು ವರ್ಷ ಹಿಡಿಯಿತು.

1789ರ ಕ್ರಾಂತಿಯ ನಂತರ ಕ್ರೈಸ್ತ ಮಠಗಳ ದಾನಪತ್ರ, ದಫ್ತರಗಳೆಲ್ಲ ಸರಕಾರದ ವಶವಾದವು. ಆದರೆ ಆ ಹಳೆಯ ಲ್ಯಾಟಿನ್ ಬರಹವನ್ನು ಓದಬಲ್ಲ ಸನ್ಯಾಸಿಗಳು ಚದುರಿಹೋಗಿದ್ದರು. ಹೊಸಬರನ್ನು ತಯಾರು ಮಾಡಲೆಂದು 1821ರಲ್ಲಿ ಪ್ಯಾರಿಸ್ಸಿನಲ್ಲಿ 'ಎಕೋಲ್ ದೆ ಶಾರ್ತ್' ಹುಟ್ಟಿತು. ಹನ್ನೆರಡು ವಿದ್ಯಾರ್ಥಿಗಳು, ಓದುವಷ್ಟು ಕಾಲ ಸಂಬಳ. ಓದು ಮುಗಿದ ಮೇಲೆ? ಅದಕ್ಕೆ ಏರ್ಪಾಡಿರಲಿಲ್ಲ. 1823ರಲ್ಲಿ ಶಾಲೆಗೆ ಬೀಗ ಬಿತ್ತು.

1829ರಲ್ಲಿ ಮತ್ತೆ ತೆರೆದಾಗ ಪದವಿಯ ಜೊತೆಗೆ ಗ್ರಂಥಾಲಯ, ಪತ್ರಾಗಾರಗಳ ಕೆಲಸದಲ್ಲಿ ಆದ್ಯತೆಯೂ ಬಂತು. 1850ರ ಆದೇಶವಂತೂ ಜಿಲ್ಲಾ ಪತ್ರಾಗಾರಗಳ ಅಧಿಕಾರಿ ಹುದ್ದೆಗಳನ್ನು ಈ ಪದವೀಧರರಿಗೇ ಮೀಸಲಿಟ್ಟಿತು. ಇಲ್ಲಿ ಓದಿದ ಲೆಯೊಪೋಲ್ಡ್ ದೆಲೀಲ್ 1852ರಲ್ಲಿ ರಾಷ್ಟ್ರೀಯ ಗ್ರಂಥಾಲಯದ ಹಸ್ತಪ್ರತಿ ವಿಭಾಗ ಸೇರಿ, 1874ರಲ್ಲಿ ಇಡೀ ಗ್ರಂಥಾಲಯದ ಮುಖ್ಯಸ್ಥರಾದರು. ಇಂದಿಗೂ ಪ್ರವೇಶ ಪರೀಕ್ಷೆ ಗೆದ್ದ ಫ್ರೆಂಚ್ ವಿದ್ಯಾರ್ಥಿಗಳಿಗೆ ಓದುವಾಗಲೇ ಸರಕಾರಿ ಸಂಬಳ. ಪ್ರತಿಯಾಗಿ ಹತ್ತು ವರ್ಷ ಸೇವೆ ಸಲ್ಲಿಸುವ ಕರಾರು.

ಹಳಗನ್ನಡದ ಶಾಸನ, ಓಲೆಗರಿ ಓದಬಲ್ಲ ತರುಣರಿಗಾಗಿ ನಾವು ಇಲ್ಲಿಂದ ಚಂದಾ ಎತ್ತುವಾಗ ಆ ಹನ್ನೆರಡು ಮಂದಿಯನ್ನು ನೆನೆಯೋಣ. ವಿದ್ಯಾರ್ಥಿವೇತನ ಒಬ್ಬರನ್ನು ಓದಿಸೀತು. ಅವರು ಆ ಓದಿನಲ್ಲೇ ಉಳಿಯಬೇಕಾದರೆ, ಕೂತು ಕೆಲಸ ಮಾಡಲು ಒಂದು ಕುರ್ಚಿಯೂ ಬೇಕು.