ರಾಮನಗರದ ಗೂಡು, ದಿಲ್ಲಿಯ ಸುಂಕ

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ನಾನು ಹೋಗಿದ್ದು ಬೇರೆಯೇ ಕೆಲಸಕ್ಕೆ. ಹರಾಜು ಮೊಬೈಲಿಗೆ ಬಂದ ಮೇಲೆ ಅಲ್ಲಿನ ಗದ್ದಲ ಎಷ್ಟು ಇಳಿದಿದೆ ಎಂದು ನೋಡಬೇಕಿತ್ತು. ಏನೂ ಇಳಿದಿರಲಿಲ್ಲ. ನೂಲು ತೆಗೆಯುವ ರೀಲರೊಬ್ಬರು ನಾಲ್ಕು ಗೂಡು ಎತ್ತಿ ಹೆಬ್ಬೆರಳಿನಿಂದ ಅದುಮಿದರು, ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗಿನದು ಹುಣಸೆ ಬೀಜದ ಹಾಗೆ ಟಕಟಕ ಎಂದಿತು. ಹಾಗೆ ಸದ್ದು ಬಂದರೆ ಹುಳು ಕರಗಿಲ್ಲ, ಗೂಡು ಚೆನ್ನಾಗಿದೆ ಎಂದು ಲೆಕ್ಕ. ಮರುಕ್ಷಣ ಬೆರಳು ಫೋನಿನ ಮೇಲೆ.

ಲಾಟಿನ ಪಕ್ಕ ನಿಂತಿದ್ದ ಕನಕಪುರ ಕಡೆಯ ರೈತ ನನ್ನತ್ತ ತಿರುಗಿ, "ಅವ್ರು ಎಷ್ಟಾದ್ರೂ ಒತ್ಲಿ ಸ್ವಾಮಿ, ರೇಟು ಕಟ್ಟೋನು ಇಲ್ಲಿಲ್ಲ. ದಿಲ್ಲೀಲವ್ನೆ," ಅಂದರು. ಚೀನಾ ನೂಲಿಗೆ ಅವನು ಎಷ್ಟು ಬಾಗಿಲು ತೆಗೆಯುತ್ತಾನೋ ಇಲ್ಲಿನ ಗೂಡಿಗೆ ಅಷ್ಟೇ ಬೆಲೆಯಂತೆ.

ಆ "ಅವನು" ಯಾರು ಎಂದು ಹುಡುಕಿಕೊಂಡು ಹೊರಟೆ.

ಮೊದಲು ಹೋದದ್ದು ಹಿಂದಕ್ಕೆ. ಹಳೆಯ ಮೈಸೂರು ವರದಿಗಳ ಸೂಚಿಯಲ್ಲಿ "ರಾಮನಗರ" ಹುಡುಕಿ ಬೇಸ್ತು ಬಿದ್ದೆ. ಒಂದು ಸಾಲೂ ಇಲ್ಲ! ಊರು ಆಗ ಕ್ಲೋಸ್‌ಪೇಟೆ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ಜಿಲ್ಲೆಯಾಯಿತು, 2025ರಲ್ಲಿ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಿದರು. ಮುಂದಿನ ಸಂಶೋಧಕನಿಗೂ ಸೂಚಿಯಲ್ಲಿ ಇದೇ ಫಜೀತಿ ಕಾದಿದೆ.

1930ರ ದಶಕದ ಕಾಗದಗಳಲ್ಲಿ ನನ್ನ ರೈತನ ಮಾತು ಇಂಗ್ಲಿಷಿನಲ್ಲಿ ಸಿಕ್ಕಿತು. ಜಪಾನ್, ಚೀನಾದ ಅಗ್ಗದ ರೇಷ್ಮೆ ಬಂದು ಬಿದ್ದು ಮೈಸೂರಿನ ಹುಳು ಸಾಕುವವರು ತತ್ತರಿಸಿದ್ದ ಕಾಲ ಅದು. ಸಂಸ್ಥಾನಕ್ಕೆ ಸಮುದ್ರವಿರಲಿಲ್ಲ. ನೂಲು ಬಂದಿಳಿಯುವ ಬಂದರು ಬ್ರಿಟಿಷರದು, ಅಲ್ಲಿನ ಸುಂಕವೂ ಅವರದು. ಮೈಸೂರು ಸರ್ಕಾರ ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ಮಾಡಬಹುದಿತ್ತು, ಇಟಲಿಯಿಂದ ವಾಷಿಂಗ್ಟನ್ ಮಾರಿ ಎಂಬ ತಜ್ಞನನ್ನು ಕರೆಸಿಕೊಳ್ಳಬಹುದಿತ್ತು, ನೂಲು ತೆಗೆದು ಉಳಿದ ರೇಷ್ಮೆಗೂ ಅದೇ ಊರಲ್ಲಿ ಸ್ಪನ್ ಸಿಲ್ಕ್ ಮಿಲ್ಲು ಎಬ್ಬಿಸಬಹುದಿತ್ತು. ಸುಂಕ ಏರಿಸಬೇಕಾದರೆ ಮಾತ್ರ ಬೇರೆಯವರ ಬಾಗಿಲು ಕಾಯಬೇಕಿತ್ತು. ಟ್ಯಾರಿಫ್ ಬೋರ್ಡು ರೇಷ್ಮೆಯ ವಿಚಾರಣೆ ನಡೆಸಿ 1933ರಲ್ಲಿ ವರದಿ ಕೊಟ್ಟಿತು. 1934ರ ಕಾಯ್ದೆಯಲ್ಲಿ ರಕ್ಷಣಾ ಸುಂಕ ಬಂತು.

ಸ್ವಾತಂತ್ರ್ಯ ಬಂದ ಮೇಲೆ ಅರ್ಜಿಯ ಜಾಗಕ್ಕೆ ಕುರ್ಚಿ ಬಂದಿರಬೇಕಲ್ಲ ಅಂದುಕೊಂಡೆ. ಬಂದಿದೆ. 1948ರ ಕೇಂದ್ರ ರೇಷ್ಮೆ ಮಂಡಳಿ ಕಾಯ್ದೆಯನ್ನು ನಾನು ಕಲಮು ಕಲಮಾಗಿ ಓದಿದೆ. (ಬೆಂಗಳೂರಿನವರಿಗೆ ಸಿಲ್ಕ್ ಬೋರ್ಡ್ ಎಂದರೆ ಗಾಡಿ ನಿಲ್ಲುವ ಜಾಗ. ಹಿಂದೆ ಈ ಮಂಡಳಿಯ ಕಚೇರಿ ಬೊಂಬಾಯಿಯ ಮರೀನ್ ಡ್ರೈವ್‌ನಲ್ಲಿತ್ತು.) ಎರಡನೆಯ ಕಲಮಿನಲ್ಲೇ ಈ ಉದ್ದಿಮೆಯನ್ನು ಕೇಂದ್ರದ ಹತೋಟಿಗೆ ತೆಗೆದುಕೊಳ್ಳುವುದು ಸಾರ್ವಜನಿಕ ಹಿತಕ್ಕೆ ಅಗತ್ಯ ಎಂಬ ಘೋಷಣೆ. ನಾಲ್ಕನೆಯದರಲ್ಲಿ ಕುರ್ಚಿಗಳ ಹಂಚಿಕೆ: ಕರ್ನಾಟಕ ಸರ್ಕಾರ ಐವರನ್ನು ಕಳಿಸಬಹುದು, ಪಶ್ಚಿಮ ಬಂಗಾಳ ಇಬ್ಬರನ್ನು, ತಮಿಳುನಾಡು ಒಬ್ಬರನ್ನು. ಹುಳು ಹೆಚ್ಚು ಸಾಕುವ ರಾಜ್ಯಕ್ಕೆ ಕುರ್ಚಿ ಹೆಚ್ಚು, ನ್ಯಾಯವಾಗಿಯೇ ಇದೆ.

ಎಂಟನೆಯ ಕಲಮು ಮಂಡಳಿಯ ಕೆಲಸಗಳದ್ದು. ಸಂಶೋಧನೆ, ಒಳ್ಳೆಯ ಮೊಟ್ಟೆ, ಅಂಕಿಅಂಶ ಎಲ್ಲ ಮುಗಿದ ಮೇಲೆ ಕಚ್ಚಾ ರೇಷ್ಮೆಯ ಆಮದು ರಫ್ತಿನ ಮಾತು ಬರುತ್ತದೆ. ಅಲ್ಲಿರುವ ಕ್ರಿಯಾಪದವನ್ನು ಎರಡು ಸಲ ಓದಿದೆ. ಕೇಂದ್ರ ಸರ್ಕಾರಕ್ಕೆ ಮಂಡಳಿ ಸಲಹೆ ಕೊಡಬೇಕು. ಅಷ್ಟೇ.

ಇಲ್ಲೊಂದು ತಪ್ಪು ಒಪ್ಪಿಕೊಳ್ಳಬೇಕು. ಒಂದು ಕಚೇರಿಯ ಗ್ರಂಥಾಲಯದಲ್ಲಿ ನನಗೆ ಕೊಟ್ಟದ್ದು ತಿದ್ದುಪಡಿ ಸೇರಿಸದ ಹಳೆಯ ಪ್ರತಿ. ಅದನ್ನೇ ನಂಬಿ, ಮೊಟ್ಟೆಯ ಉಸ್ತುವಾರಿ ಪೂರ್ತಿ ರಾಜ್ಯದ್ದು ಎಂದು ಎರಡು ವಾರ ಪುಟಗಟ್ಟಲೆ ಬರೆದೆ. ಆಮೇಲೆ 2006ರ ತಿದ್ದುಪಡಿ ಕಣ್ಣಿಗೆ ಬಿತ್ತು. ಬಿತ್ತನೆ ಮೊಟ್ಟೆ ತಯಾರಿಸುವವರ ನೋಂದಣಿ, ತಳಿಗೆ ಮಂಜೂರಾತಿ ಎಲ್ಲಕ್ಕೂ ಅದು ಕೇಂದ್ರದ ಸಮಿತಿಗಳನ್ನು ಕೂರಿಸಿತ್ತು. ಬರೆದದ್ದನ್ನೆಲ್ಲ ಹರಿದು ಹಾಕಿ ಮಾಗಡಿಗೆ ಹೋದೆ.

ಮಾಗಡಿ ಹಿಂದಿನಿಂದಲೂ ಮೈಸೂರು ತಳಿಯ ಬಿತ್ತನೆ ಸೀಮೆ. ಹಸಿರು ಬೆರೆತ ಹಳದಿ ಬಣ್ಣ, ತುದಿ ಚೂಪು, ಅಂಗೈಯಲ್ಲಿಟ್ಟರೆ ಭಾರವೇ ಗೊತ್ತಾಗದಷ್ಟು ಸಣ್ಣ ಗೂಡು. ಅದರ ಹೆಣ್ಣು ಚಿಟ್ಟೆಗೆ ದ್ವಿತಳಿಯ (ಬಿವಿ) ಗಂಡು ಕೂಡಿಸಿದರೆ ಮಿಶ್ರತಳಿ (ಸಿಬಿ) ಮೊಟ್ಟೆ. ರಾಮನಗರದ ತಟ್ಟೆಗಳಲ್ಲಿ ಹಳದಿಗೆ ಕಾಣುವ ಸಿಬಿ ಗೂಡಿನ ತಾಯಿಯ ಕಡೆ ಇದು. ತಂದೆಯ ಕಡೆಯದು ಹೆಚ್ಚಾಗಿ ಮೈಸೂರಿನ ಕೇಂದ್ರ ಸಂಶೋಧನಾ ಸಂಸ್ಥೆ ರೂಪಿಸಿದ ಸಿಎಸ್ಆರ್ ತಳಿ, 1991ರಿಂದ ಜಪಾನಿನ ನೆರವಿನೊಂದಿಗೆ ನಡೆದ ಕೆಲಸದ ಫಲ. ಬಿತ್ತನೆ ಸೀಮೆಯಲ್ಲಿ ಬೇರೆ ತಳಿ ಸಾಕದಂತೆ ತಡೆಯುವುದು ರಾಜ್ಯದ 1959ರ ಕಾಯ್ದೆ, ಗೂಡನ್ನು ಮಾರುಕಟ್ಟೆಯಲ್ಲೇ ಮಾರಿಸುವುದೂ ಅದೇ. ಹಿಪ್ಪುನೇರಳೆ ಬೆಳೆ ರಾಜ್ಯಕ್ಕೆ ಸೇರಿದ್ದು, ಮೊಟ್ಟೆಯ ಗುಣಮಟ್ಟ ಕೇಂದ್ರದ್ದು, ಹರಾಜು ಮತ್ತೆ ರಾಜ್ಯದ್ದು. ಇಷ್ಟರ ಮಟ್ಟಿಗೆ ಎರಡು ಸರ್ಕಾರಗಳ ಸಂಸಾರ ಪರವಾಗಿಲ್ಲ ಎನ್ನುವ ಹಾಗೆಯೇ ನಡೆದುಕೊಂಡು ಬಂದಿದೆ. ತಾಯಿ ಮಾಗಡಿಯಲ್ಲಿ, ತಂದೆ ಮೈಸೂರಿನಲ್ಲಿ, ಮಾರಾಟ ರಾಮನಗರದಲ್ಲಿ. ಹಿಂದೂಪುರದ ಕಡೆಯಿಂದ, ತಮಿಳುನಾಡಿನಿಂದ ಗೂಡು ತಂದವರನ್ನೂ ಈ ಮಾರುಕಟ್ಟೆ ಹೊರಗೆ ನಿಲ್ಲಿಸುವುದಿಲ್ಲ.

ಇನ್ನುಳಿದದ್ದು ಸುಂಕ.

2003ರಲ್ಲಿ ಚೀನಾದ ರೇಷ್ಮೆಯ ಮೇಲೆ ಸುರಿವು ತಡೆ (ಆಂಟಿ ಡಂಪಿಂಗ್) ಸುಂಕ ಬಿತ್ತು, ಬೆಳೆಗಾರರು ಸ್ವಲ್ಪ ಉಸಿರಾಡಿದರು. 2011ರ ಫೆಬ್ರವರಿ 28ರ ಕೇಂದ್ರ ಬಜೆಟ್ಟಿನಲ್ಲಿ ಹುರಿ ಹಾಕದ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ ಶೇ. 5ಕ್ಕೆ ಇಳಿಯಿತು. ಒಂದು ಸಾಲಿನ ಸಂಗತಿ. ಆ ಸಾಲು ಬನಾರಸಿನ ಮಗ್ಗದಲ್ಲಿ ಕೂತವನಿಗೆ ನೆಮ್ಮದಿ, ಏಕೆಂದರೆ ಅವನು ನೂಲು ಕೊಳ್ಳುವವನು, ಅದೂ ಚೀನಾದ ನಯವಾದ ನೂಲು. ಕನಕಪುರದಲ್ಲಿ ಹುಳು ಗೂಡು ಕಟ್ಟುವ ಚಂದ್ರಿಕೆಯ ಮುಂದೆ ರಾತ್ರಿ ಕಾದವನಿಗೆ ಅದೇ ಸಾಲು ಸಿಡಿಲು. ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗೆ ಬಂದರು. 2013ರ ಬಜೆಟ್ಟಿನಲ್ಲಿ ಸುಂಕ ಶೇ. 15ಕ್ಕೆ ಏರಿತು. ಎರಡು ವರ್ಷವೆಂದರೆ ಹುಳು ಮನೆಯಲ್ಲಿ ಹತ್ತಾರು ಬೆಳೆ.

ನೇಕಾರನ ರಾಜ್ಯಕ್ಕೂ ಬೆಳೆಗಾರನ ರಾಜ್ಯಕ್ಕೂ ಹಿತ ಬೇರೆ ಬೇರೆ ಇರುವುದು ತಪ್ಪಲ್ಲ. ಅವರು ಎದುರು ಬದುರು ಕೂತು ಮತ ಹಾಕಿ ತೀರ್ಮಾನಿಸುವ ಜಾಗ ಎಲ್ಲಿ ಎಂಬುದು ನನ್ನ ತಕರಾರು. ಜಿಎಸ್‌ಟಿಗೆ ಅಂಥ ಜಾಗವಿದೆ: ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ರಾಜ್ಯಗಳೆಲ್ಲದರ ಮತಕ್ಕೆ ಮೂರನೇ ಎರಡು, ನಾಲ್ಕರಲ್ಲಿ ಮೂರು ಪಾಲು ಸೇರಿದರೆ ತೀರ್ಮಾನ. ಆಮದು ಸುಂಕ ಅದರೊಳಗೆ ಬರುವುದಿಲ್ಲ, ಸಂವಿಧಾನದಲ್ಲಿ ಅದು ಕೇಂದ್ರದ ಪಟ್ಟಿಯದ್ದು. ಯುರೋಪಿಯನ್ ಒಕ್ಕೂಟದಲ್ಲೂ ಹೊರಗಿನ ಸರಕಿಗೆ ಎಲ್ಲ ದೇಶಗಳದ್ದು ಒಂದೇ ಸುಂಕ, ಆದರೆ ಅದನ್ನು ಒಪ್ಪುವ ಮೇಜಿನಲ್ಲಿ ಸದಸ್ಯ ದೇಶಗಳ ಮಂತ್ರಿಗಳಿಗೂ ಮತವಿದೆ. ಫ್ರಾನ್ಸಿನ ಲಿಯೋನಿನಿಂದ 2013ರ ಹೊತ್ತಿಗೆ ಬೆಂಗಳೂರಿಗೆ ಬಂದ ಅಂತರರಾಷ್ಟ್ರೀಯ ರೇಷ್ಮೆ ಆಯೋಗದಲ್ಲೂ ಸದಸ್ಯ ದೇಶಗಳಿವೆ. ಅಲ್ಲಿ ಸಮ್ಮೇಳನ, ತರಬೇತಿ, ಸಂಶೋಧನೆ ನಡೆಯುತ್ತವೆ, ಸುಂಕದ ಪಂಚಾಯಿತಿ ನಡೆಯುವುದಿಲ್ಲ.

ಮತ್ತೆ ಮಾರುಕಟ್ಟೆಗೆ ಹೋದಾಗ ಅದೇ ರೈತ ಸಿಕ್ಕರು. ಈ ಸಲ ಬಿಳಿ ಗೂಡು, ಬಿವಿ ಲಾಟು. "ಸಿಕ್ಕಿದ್ನಾ ಸ್ವಾಮಿ, ರೇಟು ಕಟ್ಟೋನು?" ಅಂದರು. ರೇಷ್ಮೆ ಮಂಡಳಿಯಲ್ಲಿ ನಮ್ಮ ರಾಜ್ಯಕ್ಕೆ ಐದು ಕುರ್ಚಿ ಇದೆ ಯಜಮಾನ್ರೇ, ಅಂದೆ.

"ಐದಾ?" ಎಂದು ಅವರು ಗೂಡೊಂದರ ಮೇಲಿನ ಸಡಿಲ ಎಳೆ ಬಿಡಿಸುತ್ತ ಯೋಚಿಸಿದರು. "ಅವ್ರು ಬ್ಯಾಡ ಅಂದ್ರೆ ನಿಂತೋಯ್ತದಾ?"

ಫೋನು ಸದ್ದು ಮಾಡಿತು. ಅವರ ಲಾಟಿಗೆ ಯಾರೋ ಐದು ರೂಪಾಯಿ ಏರಿಸಿದ್ದರು.