ಹೆಚ್.ಎನ್. ಗಿರೀಶ: ಪ್ಯಾರಾಲಿಂಪಿಕ್ಸ್‌ನ ಬೆಳ್ಳಿ ಪದಕ ವಿಜೇತ

ಹಾಸನ ಜಿಲ್ಲೆಯ ಹೆಚ್.ಎನ್. ಗಿರೀಶ (ಜನನ 1988) ಅವರ ಎಡಗಾಲಿನಲ್ಲಿ ಹುಟ್ಟಿನಿಂದಲೇ ಊನವಿದೆ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎಫ್-42 ವಿಭಾಗದ ಎತ್ತರ ಜಿಗಿತದಲ್ಲಿ ಅವರು 1.74 ಮೀಟರ್ ಜಿಗಿದು ಬೆಳ್ಳಿ ಪದಕ ಗಳಿಸಿದರು. ಆ ಕೂಟದಲ್ಲಿ ಭಾರತಕ್ಕೆ ದೊರೆತ ಏಕೈಕ ಪದಕವದು.

ಬೆಳ್ಳಿಯೆಂದೊಡನೆ ಚಿನ್ನಕ್ಕಿಂತ ಕಡಿಮೆ ಎತ್ತರವೆಂದು ನಾವು ಭಾವಿಸುವುದು ಸಹಜ. ಆದರೆ ಅಂದು ಚಿನ್ನ ಗೆದ್ದ ಫಿಜಿಯ ಇಲಿಯೇಸಾ ಡೆಲಾನಾ ಜಿಗಿದದ್ದೂ 1.74 ಮೀಟರ್, ಕಂಚು ಪಡೆದ ಪೋಲೆಂಡಿನ ಸ್ಪರ್ಧಿ ಜಿಗಿದದ್ದೂ ಅಷ್ಟೇ! ವಿಫಲ ಯತ್ನಗಳ ಎಣಿಕೆಯಿಂದಲೇ ಮೂವರ ಸ್ಥಾನಗಳು ನಿರ್ಧಾರವಾದವು. ಎತ್ತರದಲ್ಲಿ ನಮ್ಮ ಕನ್ನಡಿಗನಿಗಿಂತ ಮೇಲೇರಿದವರು ಅಂದು ಯಾರೂ ಇರಲಿಲ್ಲವೆಂಬುದನ್ನು ನಾವು ಇಲ್ಲಿ ದಾಖಲಿಸಬಯಸುತ್ತೇವೆ.

ಗಿರೀಶರಿಗೆ 2013ರಲ್ಲಿ ಪದ್ಮಶ್ರೀ, 2014ರಲ್ಲಿ ಅರ್ಜುನ ಪ್ರಶಸ್ತಿ ಸಂದವು. 2016ರ ರಿಯೋ ಕೂಟದಲ್ಲಿ ಇದೇ ಸ್ಪರ್ಧೆಯ ಚಿನ್ನವನ್ನು ತಮಿಳುನಾಡಿನ ಮಾರಿಯಪ್ಪನ್ ತಂಗವೇಲು 1.89 ಮೀಟರ್ ಜಿಗಿದು ಗೆದ್ದರು.